15 ರೂಪಾಯಿಯ ಪಾಪ

ನಾನು ಕಳ್ಳನಾದದ್ದು ಸ್ಟೇಟ್‌ಬ್ಯಾಂಕಿನಲ್ಲಿ. ಗಾಬರಿ ಬೇಡ, ಮಂಗಳೂರಿನವರಿಗೆ ಸ್ಟೇಟ್‌ಬ್ಯಾಂಕ್ ಅಂದರೆ ಬಸ್‌ಸ್ಟ್ಯಾಂಡ್. ಅಲ್ಲಿಂದ ಬಿಜೈ ಕಡೆಗೆ ಸಿಟಿಬಸ್ ಹತ್ತಿದ್ದೆ. ಸಂಜೆಯ ರಶ್. ಒಂದು ಕೈ ಮೇಲಿನ ಸರಳಿಗೆ ಜೋತುಬಿದ್ದಿತ್ತು, ಇನ್ನೊಂದರಲ್ಲಿ ಬಂಗುಡೆ ಮೀನಿನ ತೊಟ್ಟೆ, ಅಂದರೆ ಚೀಲ. ಚಿಲ್ಲರೆ ಕಿಸೆಯಲ್ಲಿ ರೆಡಿ ಇತ್ತು. ಆದರೆ ಕಂಡಕ್ಟರ್ ಎದುರಿನ ಬಾಗಿಲಲ್ಲೇ ನಿಂತು "ಪಿರ ಪೋಲೆ, ಪಿರ ಪೋಲೆ" ಎಂದು ಜನರನ್ನು ಹಿಂದೆ ತಳ್ಳುವುದರಲ್ಲಿ ಮುಳುಗಿದ್ದ. ನನ್ನ ಸ್ಟಾಪ್ ಬಂತು. ಇಳಿಯುವವರು ನನ್ನನ್ನೂ ಬಂಗುಡೆಯನ್ನೂ ಒಟ್ಟಿಗೆ ಹೊರಗೆ ಹಾಕಿದರು. "ರೈಟ್ ಪೋಯಿ!" ಬಸ್ಸು ಹೋಯಿತು. 15 ರೂಪಾಯಿ ಕಿಸೆಯಲ್ಲೇ ಉಳಿಯಿತು.

ನಿಜ ಹೇಳುತ್ತೇನೆ, ಆಗ ನನಗೆ ಬೇಸರ ಆಗಲಿಲ್ಲ, ಖುಷಿ ಆಯಿತು. ತೊಂದರೆ ಇರುವುದು ಅಲ್ಲೇ.

ಅವತ್ತು ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರ ಬೇರೆ. ನಮ್ಮ ಕ್ಯಾಥೊಲಿಕರಿಗೆ ಆ ದಿನ ಮಾಂಸ ಇಲ್ಲ. ಮೀನು ತಿನ್ನಬಹುದು. ಹಾಗಾಗಿ ಕರಾವಳಿಯ ನಾವು ಶುಕ್ರವಾರಗಳಲ್ಲಿ ಅಂಜಲ್ ಫ್ರೈ, ಬಂಗುಡೆ ಪುಳಿಮುಂಚಿ ತಿಂದು ಬಹಳ ಕಷ್ಟಪಟ್ಟು ತಪಸ್ಸು ಮಾಡುತ್ತೇವೆ. ಕೋಳಿಗಿಂತ ಅಂಜಲ್ ತುಟ್ಟಿ, ಅದನ್ನೂ ತ್ಯಾಗದ ಲೆಕ್ಕಕ್ಕೆ ಸೇರಿಸಬೇಕಲ್ವಾ?

ಮನೆಯಲ್ಲಿ ಹೆಂಡತಿ ತೊಟ್ಟೆ ಬಿಡಿಸಿ ಎಣಿಸಿದಳು. "ಎಷ್ಟಕ್ಕೆ?" "ಇನ್ನೂರು" ಎಂದೆ. "ಪರವಾಗಿಲ್ಲ, ಸ್ವಲ್ಪ ಚೌಕಾಸಿ ಕಲಿತಿದ್ದೀರಿ" ಎಂದಳು.

ಮರುದಿನ ಕುಮ್ಸಾರಿಗೆ, ಅಂದರೆ ಫಾದರ್ ಎದುರು ಪಾಪ ಒಪ್ಪಿಕೊಳ್ಳಲು ಹೋದೆ. ಈಸ್ಟರ್ ಹತ್ತಿರ ಬಂದಾಗ ಚರ್ಚಿನಲ್ಲಿ ಅದಕ್ಕೆ ಸಾಲೇ ಇರುತ್ತದೆ. ಫಾದರಿಗೆ ಬಸ್ಸಿನ ಕಥೆ ಹೇಳಿದೆ. ಕ್ಷಮೆ ಸಿಗುತ್ತದೆ, ಆದರೆ ದುಡ್ಡು ವಾಪಸ್ ಕೊಡಬೇಕು ಅಂದರು. ನಮ್ಮ ಧರ್ಮೋಪದೇಶದಲ್ಲಿ ಇದು ಮೊದಲಿಂದಲೂ ಇದೆ: ಕದ್ದದ್ದಕ್ಕೆ ಪಶ್ಚಾತ್ತಾಪ ಮಾತ್ರ ಸಾಲದು, ಕದ್ದದ್ದು ಒಡೆಯನಿಗೆ ಹೋಗಬೇಕು.

"ಕಾಣಿಕೆ ಡಬ್ಬಿಗೆ ಹಾಕಿದರೆ ಆಗ್ತದಾ ಫಾದರ್?"

"ಬಸ್ಸಿನವರ ದುಡ್ಡಲ್ಲಿ ನೀವು ದಾನ ಮಾಡುದಾ ಮಾರಾಯ್ರೆ?"

ಪ್ರಾಯಶ್ಚಿತ್ತಕ್ಕೆ ಮೂರು ಸಲ ನಮಾನ್ ಮರಿಯೆ, ಮರಿಯಮ್ಮನ ಪ್ರಾರ್ಥನೆ. ಅದು ಎರಡು ನಿಮಿಷದಲ್ಲಿ ಮುಗಿಯಿತು. 15 ರೂಪಾಯಿಗೆ ಮಾತ್ರ ಮೂರು ದಿನ ಹಿಡಿಯಿತು.

ಭಾನುವಾರ ಬಲ್ಮಠದ ಸಿಎಸ್‌ಐ (ಪ್ರಾಟೆಸ್ಟೆಂಟ್) ಗೆಳೆಯನಿಗೆ ಫೋನಿನಲ್ಲಿ ಇದನ್ನು ಹೇಳಿದ್ದೇ ತಪ್ಪು. "ನೀನು ಮುರಿದದ್ದು 8ನೆಯ ಆಜ್ಞೆ" ಎಂದ. "7ನೆಯದು" ಎಂದೆ ನಾನು. ಹತ್ತು ಆಜ್ಞೆಗಳು ಇಬ್ಬರಿಗೂ ಅವೇ, ಎಣಿಸುವ ಕ್ರಮ ಮಾತ್ರ ಬೇರೆ. "ಕದಿಯಬೇಡ" ಎಂಬುದು ನಮ್ಮ ಲೆಕ್ಕದಲ್ಲಿ 7, ಅವರ ಲೆಕ್ಕದಲ್ಲಿ 8. ಅರ್ಧ ಗಂಟೆ ಅದರಲ್ಲೇ ಹೋಯಿತು. ಕಳ್ಳ ಯಾರು ಎಂಬುದರ ಬಗ್ಗೆ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಕೊನೆಗೆ ಅವನು ಲೂಕನ ಸುವಾರ್ತೆಯ 19ನೆಯ ಅಧ್ಯಾಯ ತೆಗೆದ. ಯೆರಿಕೋದ ಜಕ್ಕಾಯ. ಸುಂಕದವರ ಮುಖ್ಯಸ್ಥ, ಕುಳ್ಳ, ಯೇಸುವನ್ನು ನೋಡಲು ಮರ ಹತ್ತಿದವನು. ಮೋಸದಿಂದ ಯಾರಿಂದ ಏನು ತೆಗೆದುಕೊಂಡಿದ್ದರೂ ನಾಲ್ಕು ಪಾಲು ವಾಪಸ್ ಕೊಡುತ್ತೇನೆ ಅಂದನಲ್ಲ, ಆ ಲೆಕ್ಕದಲ್ಲಿ ನಿನ್ನದು 60 ರೂಪಾಯಿ ಅಂದ ಗೆಳೆಯ. ಆಸ್ತಿಯಲ್ಲಿ ಅರ್ಧ ಬಡವರಿಗೆ ಅಂತಲೂ ಜಕ್ಕಾಯ ಹೇಳಿದ್ದಾನೆ. ಅಲ್ಲಿಗೆ ಬರುವ ಮೊದಲೇ ನಾನು ಫೋನ್ ಇಟ್ಟೆ. ಹೆಂಡತಿ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಸೋಮವಾರ ಅದೇ ಬಸ್ಸಿಗಾಗಿ ಕಾದು, ನಾಲ್ಕು ಬಸ್ ಬಿಟ್ಟು, ಐದನೆಯದನ್ನು ಹತ್ತಿದೆ. ಅದೇ ಕಂಡಕ್ಟರ್. 30 ರೂಪಾಯಿ ಕೊಟ್ಟೆ. ಜಕ್ಕಾಯನಷ್ಟು ಉದಾರಿ ನಾನಲ್ಲ.

"ಎರಡು ಟಿಕೆಟಾ?"

"ಒಂದು ಇವತ್ತಿಂದು, ಒಂದು ಶುಕ್ರವಾರದ್ದು."

"ಶುಕ್ರವಾರದ್ದು ಶುಕ್ರವಾರ ತೆಗೊಳ್ಳಿ ಪೊರ್ಬುಲೆ. ಇದಕ್ಕೆ ಅಡ್ವಾನ್ಸ್ ಬುಕಿಂಗ್ ಇಲ್ಲ." ಪೊರ್ಬುಲು ಅಂದರೆ ತುಳುವಿನಲ್ಲಿ ನಮ್ಮಂಥ ಕ್ಯಾಥೊಲಿಕರು.

"ಬರುವ ಶುಕ್ರವಾರ ಅಲ್ಲ, ಹೋದ ಶುಕ್ರವಾರ. ಟಿಕೆಟ್ ತೆಗೆಯದೆ ಇಳಿದಿದ್ದೆ!"

ಗದ್ದಲದಲ್ಲಿ ಕೇಳಿಸಲಿ ಅಂತ ಜೋರಾಗಿ ಹೇಳಿದೆ. ಸರಿಯಾಗಿ ಅದೇ ಹೊತ್ತಿಗೆ ಪಿವಿಎಸ್ ಸರ್ಕಲ್‌ನಲ್ಲಿ ಡ್ರೈವರ್ ಇಂಜಿನ್ ಆಫ್ ಮಾಡಿದ. ಇಡೀ ಬಸ್ಸು ನನ್ನ ಕಡೆ ತಿರುಗಿತು. ಪಕ್ಕದಲ್ಲಿ ಮಲ್ಲಿಗೆಯ ಚೆಂಡು ಹಿಡಿದು ಕೂತಿದ್ದ ಅಜ್ಜಿ ಕಾಲಬುಡದ ಚೀಲವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. "ಎಂತ ಆಯ್ತಂತೆ?" ಎಂದು ಹಿಂದಿನಿಂದ ಯಾರೋ ಕೇಳಿದರು. "ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರಂತೆ." ಮುಂದಿನ ಸ್ಟಾಪ್ ಬರುವಷ್ಟರಲ್ಲಿ ಸುದ್ದಿ ಹಿಂದಿನ ಸೀಟಿಗೆ ಹೋಗಿ ವಾಪಸ್ ಬಂದಿತ್ತು. ಆಗ ನಾನು ದಿನಾ ಹೀಗೆ ಮಾಡುವವನು ಎಂದಾಗಿತ್ತು.

ಸುಮ್ನೆ ಇದ್ದಿದ್ದರೆ ಇಡೀ ಮಂಗಳೂರಿಗೆ ನಾನು ಮರ್ಯಾದಸ್ಥ. ದೇವರಿಗೊಬ್ಬನಿಗೆ ಮಾತ್ರ ಕಳ್ಳ. ಈಗ ಉಲ್ಟಾ.

"ಆ ದಿನದ ಲೆಕ್ಕ ಓನರಿಗೆ ಕೊಟ್ಟಾಗಿದೆ. ಈಗ ಇದನ್ನು ಎಲ್ಲಿ ಬರೆಯುದು?" ಎಂದು ಕಂಡಕ್ಟರ್ ಗೊಣಗುತ್ತಲೇ ಎರಡು ಟಿಕೆಟ್ ಹರಿದು ಕೊಟ್ಟ. ನಾನು ಅವೆರಡನ್ನೂ ಮನೆಗೆ ತಂದು ಹೆಂಡತಿಗೆ ತೋರಿಸಿದೆ. ಅವಳಿಗೆ ಹೆಮ್ಮೆಯೋ ಹೆಮ್ಮೆ. ಫ್ರಿಜ್ಜಿನ ಮೇಲೆ ಅಂಟಿಸಿದಳು. ಮೂರು ಮನೆಗೆ ಫೋನ್ ಮಾಡಿ ಹೇಳಿದಳು.

ಆ ಖುಷಿಯಲ್ಲಿ ಮುಂದಿನ ಶುಕ್ರವಾರ ಇಬ್ಬರೂ ಒಟ್ಟಿಗೆ ಮೀನಿಗೆ ಹೋದೆವು. ಮೀನು ಮಾರುವ ಅಕ್ಕ ದೂರದಿಂದಲೇ ಗುರುತು ಹಿಡಿದರು.

"ಬಲೆ, ಬನ್ನಿ ಬಾಯಮ್ಮ! ಬಂಗುಡೆ ಫ್ರೆಶ್ ಉಂಟು. ಹೋದ ವಾರ ಪೊರ್ಬುಲು ಮುನ್ನೂರು ಕೊಟ್ಟು ತೆಗೊಂಡು ಹೋಗಿದ್ದಾರೆ, ಒಂದು ಮಾತು ಚೌಕಾಸಿ ಮಾಡ್ಲಿಲ್ಲ. ನಿಮಗೂ ಅದೇ ರೇಟು."

ಹೆಂಡತಿ ನನ್ನ ಮುಖ ನೋಡಿದಳು. ನಾನು ಬಂಗುಡೆಯ ಮುಖ ನೋಡಿದೆ.

"ಫಾದರಿಗೆ ಇದನ್ನೂ ಹೇಳಿದ್ರಾ?"

ನಾನು ಮಾತಾಡಲಿಲ್ಲ. ಅವಳು ನನ್ನ ಕಿಸೆಗೆ ಕೈ ಹಾಕಿ ಪರ್ಸ್ ತೆಗೆದಳು. ಮುಚ್ಚಿಟ್ಟದ್ದು ನೂರು. ಅವಳು ಎಣಿಸಿಕೊಂಡದ್ದು ನಾನೂರು.