ಕವರ್ ಮೇಲೆ ಡೇಟ್ ಹಾಕಿದ್ರಾ?

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪೋಸ್ಟಲ್ಲಿ ಓಟ್ ಹಾಕ್ಬೇಕು ಅಂದ್ರೆ ಬ್ಯಾಲೆಟ್ ತುಂಬಿ ಒಂದು ಕವರ್‌ಗೆ ಹಾಕ್ಬೇಕು, ಆ ಕವರನ್ನ ಇನ್ನೊಂದು ಕವರ್‌ಗೆ ತುರುಕ್ಬೇಕು, ಅದರ ಮೇಲೆ ಸೈನ್ ಮಾಡಿ ಕೈಯಾರೆ ತಾರೀಖು ಬರೀಬೇಕು. ಒಳಗಿನ ಕವರ್ ಮರೆತ್ರೆ ಅದು 'ಬೆತ್ತಲೆ ಬ್ಯಾಲೆಟ್' (ಹೆಸರು ನಂದಲ್ಲ ಸ್ವಾಮಿ, ಅವರೇ ಇಟ್ಟಿದ್ದು), ಎಣಿಸಲ್ಲ. ತಾರೀಖು ಮರೆತ್ರೆ, 2025ರಲ್ಲಿ ಫೆಡರಲ್ ಕೋರ್ಟ್ ತಡೆಯೋವರೆಗೂ, ಅದೂ ಡಬ್ಬಕ್ಕೆ ಹೋಗ್ತಿತ್ತು. ಗಡಿಬಿಡೀಲಿ ಅವತ್ತಿನ ತಾರೀಖಿನ ಬದಲು ಹುಟ್ಟಿದ ತಾರೀಖು ಬರೆದೋರೂ ಇದಾರೆ, ಅವರ ಓಟೂ ಗೋತಾ ಆಗ್ತಿತ್ತು. ಸರಿ, ಈ ತಾರೀಖಿಂದ ಉಪಯೋಗ ಏನಪ್ಪಾ ಅಂತ ಕೇಳಿದ್ರೆ ಏನೂ ಇಲ್ಲ! ಕವರ್ ಬಂದ ದಿನಾನೇ ಆಫೀಸ್‌ನೋರು ದಾಖಲು ಮಾಡ್ಕೋತಾರೆ, ಮತದಾನದ ದಿನ ರಾತ್ರಿ 8ರೊಳಗೆ ಬಂದು ಬಿದ್ದಿದ್ರೆ ಆಯ್ತು, ನೀವು ಮೇಲೆ ಏನು ಗೀಚಿದೀರಿ ಅಂತ ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಆದ್ರೂ ವರ್ಷಗಟ್ಟಲೆ ಕೋರ್ಟ್ ಕೇಸು.

ಈ ಡೇಟ್ ಪುರಾಣದ ಹೀರೋ ಡೇವಿಡ್ ಮೆಕಾರ್ಮಿಕ್ ಸಾಹೇಬ್ರು. 2022ರಲ್ಲಿ ರಿಪಬ್ಲಿಕನ್ ಪಾರ್ಟಿ ಟಿಕೆಟ್‌ಗೆ ಟಿವಿ ಡಾಕ್ಟರ್ ಮೆಹ್ಮೆತ್ ಓಜ್ ವಿರುದ್ಧ ಸಾವಿರಕ್ಕೂ ಕಮ್ಮಿ ಓಟಲ್ಲಿ ಹಿಂದೆ ಇದ್ರಲ್ಲ, ಆಗ ಕೋರ್ಟಿಗೆ ಓಡಿ, ಡೇಟ್ ಇಲ್ದಿದ್ರೆ ಏನಂತೆ, ಓಟು ಓಟೇ, ಎಣಿಸಿ ಅಂದ್ರು. 2024ರಲ್ಲಿ ಡೆಮಾಕ್ರಾಟ್ ಬಾಬ್ ಕೇಸಿ ವಿರುದ್ಧ ಸೆನೆಟ್‌ಗೆ ನಿಂತು ಮುಂದೆ ಇದ್ರು ನೋಡಿ, ಡೇಟ್ ಇಲ್ದಿರೋದನ್ನ ಎಣಿಸಂಗಿಲ್ಲ ಅಂತ ಅದೇ ಕಡೆಯೋರು ಕೋರ್ಟ್ ಮೆಟ್ಟಿಲು ಹತ್ತಿದ್ರು. ಹಂಗಂತ ಡೆಮಾಕ್ರಾಟ್‌ಗಳೇನು ತುಳಸೀಕಟ್ಟೆ ಸುತ್ತೋರಲ್ಲ, ಎಣಿಸಬೇಡಿ ಅಂತ ಕೋರ್ಟ್ ಹೇಳಿದ್ರೂ ಬಕ್ಸ್ ಕೌಂಟೀಲಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದಂಗೆ) ಅವರ ಕಮಿಷನರ್‌ಗಳು ಎಣಿಸೋಣ ಬಿಡಿ ಅಂತ ಓಟ್ ಹಾಕಿದ್ರು, ಆಮೇಲೆ ರಾಜ್ಯದ ಸುಪ್ರೀಂ ಕೋರ್ಟೇ ಬೈದು ನಿಲ್ಲಿಸ್ಬೇಕಾಯ್ತು.

ಇನ್ನು ಈ ಪೋಸ್ಟಲ್ ಓಟಿನ ಕಾನೂನು ತಂದೋರ ಕಥೆ. 2019ರಲ್ಲಿ ಕಾರಣ ಕೊಡದೇ ಯಾರು ಬೇಕಾದ್ರೂ ಪೋಸ್ಟಲ್ಲಿ ಓಟ್ ಹಾಕ್ಬಹುದು ಅಂತ 'ಆಕ್ಟ್ 77' ಪಾಸ್ ಮಾಡಿದ್ದು ರಿಪಬ್ಲಿಕನ್ನರದ್ದೇ ಬಹುಮತ ಇದ್ದ ಶಾಸನಸಭೆ. 2020ರಲ್ಲಿ ಟ್ರಂಪ್ ಸೋತ್ರು. 2021ರಲ್ಲಿ 14 ಜನ ರಿಪಬ್ಲಿಕನ್ ಶಾಸಕರು ಈ ಕಾನೂನೇ ಸಂವಿಧಾನ ವಿರೋಧಿ ಅಂತ ಕೇಸ್ ಹಾಕಿದ್ರು, ಅದರಲ್ಲಿ 11 ಜನ ಅವತ್ತು ಅದರ ಪರ ಓಟ್ ಹಾಕಿದೋರೇ! ಮುಂದೆ ನಿಂತು ಮದುವೆ ಮಾಡ್ಸಿದ ಬ್ರೋಕರೇ ಡೈವೋರ್ಸ್ ಕೇಸ್ ಹಾಕಿದಂಗೆ. 2022ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಕಾನೂನು ಸರಿ ಇದೆ ಮನೆಗೆ ಹೋಗಿ ಅಂತು.

ಎಣಿಕೆ ಯಾಕೆ ಅಷ್ಟು ಲೇಟು ಅಂತೀರಾ? ನಮ್ಮಲ್ಲಿ ಬೆಳಗ್ಗೆ 8ಕ್ಕೆ ಅಂಚೆ ಮತಾನೇ ಮೊದ್ಲು ಎಣಿಸಕ್ಕೆ ಶುರು, ಟಿವಿಯೋರು ಅದರಲ್ಲೇ ಸರ್ಕಾರ ರಚಿಸಿಬಿಡ್ತಾರೆ. ಅಲ್ಲಿ ಮತದಾನದ ದಿನ ಬೆಳಗ್ಗೆ 7ರವರೆಗೆ ಕವರ್ ಒಡೆಯಂಗೇ ಇಲ್ಲ. ಸ್ವಲ್ಪ ಮುಂಚೆ ಒಡೆಯಕ್ಕೆ ಬಿಡಿ ಅಂತ ಕೌಂಟಿಯೋರು ಬೇಡ್ಕೊಂಡ್ರೂ ಆ ನಿಯಮ ಬದಲಾಗ್ಲಿಲ್ಲ, 2020ರಲ್ಲಿ ಬಂದಿದ್ದು 25 ಲಕ್ಷಕ್ಕೂ ಜಾಸ್ತಿ ಅಂಚೆ ಮತ, ನಾಕು ದಿನ ಆದ್ಮೇಲೆ ಗೆದ್ದೋರು ಯಾರು ಅಂತ ಗೊತ್ತಾಯ್ತು, ಆಗ ನೋಡಿ, ಅಯ್ಯೋ ಎಣಿಕೆ ಲೇಟು, ಏನೋ ಮೋಸ ನಡೀತಿದೆ ಅಂತ ಬೊಬ್ಬೆ!

ಆ ನಾಕು ದಿನದಲ್ಲೇ ಟ್ರಂಪ್ 'ಸ್ಟಾಪ್ ದಿ ಕೌಂಟ್' ಅಂತ ಟ್ವೀಟ್ ಮಾಡಿದ್ದು. ಅವರ ಅಭಿಮಾನಿಗಳು ಡೆಟ್ರಾಯ್ಟ್‌ನಲ್ಲಿ ಎಣಿಕೆ ನಿಲ್ಲಿಸಿ ಅಂತ ಕಿಟಕಿ ಬಡೀತಿದ್ರೆ ಅರಿಜೋನಾದಲ್ಲಿ ಇನ್ನೊಂದು ಗುಂಪು ಎಣಿಸಿ ಎಣಿಸಿ ಅಂತ ಕೂಗ್ತಿತ್ತು. ಯಾಕಂದ್ರೆ ಅಲ್ಲಿ ಟ್ರಂಪ್ ಹಿಂದೆ ಇದ್ರು. ತಮಾಷೆ ಏನಂದ್ರೆ ಆ ಟ್ವೀಟ್ ಬಂದ ಘಳಿಗೆಗೇ ಎಲ್ಲಾ ಕಡೆ ಎಣಿಕೆ ನಿಲ್ಲಿಸಿದ್ರೂ ಬೈಡನ್‌ಗೇ ಗೆಲುವು, ಪಾಪ ಯಾರೂ ಅವರಿಗೆ ಕೂಡೋ ಲೆಕ್ಕ ಹೇಳ್ಕೊಟ್ಟಿರ್ಲಿಲ್ಲ ಅನ್ಸತ್ತೆ.

ಅದೇ 2020ರಲ್ಲಿ ಟ್ರಂಪ್ ಅವರೇ ಫ್ಲೋರಿಡಾದ ಪ್ರೈಮರೀಲಿ (ಪಾರ್ಟಿ ಅಭ್ಯರ್ಥಿ ಆರಿಸೋ ಚುನಾವಣೆ) ಪೋಸ್ಟಲ್ಲೇ ಓಟ್ ಹಾಕಿದ್ರು, ಫ್ಲೋರಿಡಾದಲ್ಲಿ ಅದು ಸೇಫು ಅಂತ ಸರ್ಟಿಫಿಕೇಟೂ ಕೊಟ್ರು. 2025ರ ಆಗಸ್ಟಲ್ಲಿ ಇಡೀ ದೇಶದಲ್ಲೇ ಪೋಸ್ಟಲ್ ಓಟು ತೆಗೆದುಹಾಕಕ್ಕೆ ಚಳವಳಿ ಮಾಡ್ತೀನಿ ಅಂದ್ರು. ಫ್ಲೋರಿಡಾದ ಪೋಸ್ಟ್‌ಮ್ಯಾನ್‌ಗಳು ಅಷ್ಟರೊಳಗೆ ಏನು ತಪ್ಪು ಮಾಡಿದ್ರೋ.