‘ಕಲ್ಯಾಣ ಕರ್ನಾಟಕ’: ಹೆಸರು ಬದಲಿಸಬೇಕಿತ್ತೆ?

ಪರ

2019ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾದಾಗ, ಇದು ಬರಿಯ ನಾಮಫಲಕದ ಬದಲಾವಣೆ ಎಂದು ಮೂಗು ಮುರಿದವರು ಈ ಸೀಮೆಯ ಚರಿತ್ರೆಯನ್ನು 1724ರ ಆಸಫ್ ಜಾಹಿಗಳಿಂದ, ಅಂದರೆ ಹೈದರಾಬಾದಿನ ನಿಜಾಮರಿಂದ, ಆರಂಭಿಸುವವರು. ಅದಕ್ಕೂ ಬಹಳ ಮೊದಲು ರಾಷ್ಟ್ರಕೂಟರು ಮಾನ್ಯಖೇಟದಿಂದ (ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ) ಆಳಿದ್ದರು. 11ನೇ ಶತಮಾನದಲ್ಲಿ ಚಾಲುಕ್ಯ ಒಂದನೇ ಸೋಮೇಶ್ವರನು ರಾಜಧಾನಿಯನ್ನು ಕಲ್ಯಾಣಕ್ಕೆ, ಇಂದಿನ ಬಸವಕಲ್ಯಾಣಕ್ಕೆ, ತಂದನು. ಮುಂದಿನ ಶತಮಾನದಲ್ಲಿ ಶರಣರು ಕೂಡಿದ್ದೂ ಅಲ್ಲಿಯೇ. 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯ ಸಹ ಕಲಬುರಗಿಯಿಂದ, ಬಳಿಕ ಬೀದರಿನಿಂದ ನಡೆಯಿತು. ಹೀಗೆ ಶತಮಾನಗಳ ಕಾಲ ತನ್ನ ಮಡಿಲಲ್ಲೇ ರಾಜಧಾನಿಗಳನ್ನು ಹೊತ್ತಿದ್ದ ಪ್ರದೇಶವನ್ನು, 1956ರಲ್ಲಿ ಏಕೀಕರಣವಾದ ಮೇಲೂ, ಬೇರೊಂದು ರಾಜ್ಯದ ಪಾಲಾದ ನಗರದ ಹೆಸರಿನಿಂದಲೇ ಕರೆಯುತ್ತ ಬಂದೆವು.

ಬಳ್ಳಾರಿಯ ಕಥೆಯಂತೂ ಇನ್ನೂ ವಿಚಿತ್ರ. ನಿಜಾಮನು 1800ರಲ್ಲಿಯೇ ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದ, ಮದ್ರಾಸಿನ ಆಡಳಿತದಲ್ಲಿದ್ದು 1953ರಲ್ಲಿ ಮೈಸೂರಿಗೆ ಸೇರಿದ ಆ ಜಿಲ್ಲೆಗೂ, ಈ ಪ್ರದೇಶಕ್ಕೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿಗೆ ಅವಕಾಶ ಕೊಡುವ ಸಂವಿಧಾನದ 371(ಜೆ) ವಿಧಿಯ ನೆಪದಲ್ಲಿ ಹೈದರಾಬಾದಿನ ಮುದ್ರೆ ಬಿತ್ತು! ಹೆಸರಿನಿಂದ ಹೊಟ್ಟೆ ತುಂಬುವುದೇ ಎಂದು ಕೇಳುವವರು, ಹಳೆಯ ಹೆಸರಿನಿಂದ ಎಷ್ಟು ತುಂಬಿತ್ತು ಎಂಬುದನ್ನು ಮೊದಲು ಹೇಳಲಿ.

ವಿರೋಧ

ವಿರೋಧದ ಪಕ್ಷ ನನ್ನ ಪಾಲಿಗೆ ಬಂದಿದೆ; ಕಲ್ಯಾಣದ ಮೇಲೆ ನನಗೇನೂ ಮುನಿಸಿಲ್ಲ. ಆದರೆ ಈ ಪ್ರದೇಶದ ಗಡಿಗಳನ್ನು ಎಳೆದವರು ಚಾಲುಕ್ಯರಲ್ಲ. ಅವರ ರಾಜ್ಯ ಇದಕ್ಕಿಂತ ಬಹಳ ದೊಡ್ಡದು. ಬಳ್ಳಾರಿಯನ್ನು ಬಿಟ್ಟರೆ, 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದು, ತಾಂಡೂರು, ಕೊಡಂಗಲ್, ಗದ್ವಾಲ, ಆಲಂಪುರಗಳು ಆಂಧ್ರಕ್ಕೂ ಉದಗೀರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೂ ಹೋದ ಮೇಲೆ ಕನ್ನಡದ ಪಾಲಿಗೆ ಉಳಿದ ಭಾಗವಿದು. ಹಳೆಯ ಹೆಸರು ಅಷ್ಟನ್ನಾದರೂ ಹೇಳುತ್ತಿತ್ತು.

ನಮ್ಮ ಬಂಧುಗಳ ಮಗಳೊಬ್ಬಳು ಕಾಲೇಜು ಪ್ರವೇಶಕ್ಕೆ ಹೋದಾಗ ಅವಳ ಮೀಸಲಾತಿಯ ಅರ್ಹತಾ ಪ್ರಮಾಣಪತ್ರದಲ್ಲಿ ಹಳೆಯ ಹೆಸರಿತ್ತು, ಅರ್ಜಿಯಲ್ಲಿ ಹೊಸದು. ಎರಡೂ ಒಂದೇ ಎಂಬುದನ್ನು ಅಲ್ಲಿನ ಗುಮಾಸ್ತರು ಒಪ್ಪಲಿಲ್ಲ. ತಂದೆ ತಹಶೀಲ್ದಾರರ ಕಚೇರಿಗೆ ಅಲೆದರು. ಅಲ್ಲಿ ಹೊಸ ಪ್ರಮಾಣಪತ್ರಕ್ಕೆ ಹೊಸದಾಗಿಯೇ ಅರ್ಜಿ ಹಾಕಬೇಕೆಂದರು. ಕೊನೆಗೆ ಅವರು ಸಂವಿಧಾನದ 371(ಜೆ) ವಿಧಿಯನ್ನೇ ಮುದ್ರಿಸಿಕೊಂಡು ಹೋಗಿ, ಅದರಲ್ಲಿ ‘ಹೈದರಾಬಾದ್-ಕರ್ನಾಟಕ’ ಎಂದಿರುವುದನ್ನು ಬೆರಳಿಟ್ಟು ತೋರಿಸಿದರೆ, ಗುಮಾಸ್ತರು ತಾಳ್ಮೆಯಿಂದ ಓದಿ, ‘ಇದು ದಿಲ್ಲಿಯವರು ಬರ್ದದ್ರೀ, ನಮ್ಮ ಸುತ್ತೋಲ್ಯಾಗ ಹಿಂಗಿಲ್ಲ’ ಎಂದರಂತೆ. ಸೀಟು ಸಿಕ್ಕಿತು, ಆದರೆ ಮೇಲಧಿಕಾರಿಯೊಬ್ಬರ ಸಹಿಯಾದ ಮೇಲೆ. ಮೀಸಲಾತಿಗೆ ಆಧಾರವಾದ ವಿಧಿಯೇ ಹಳೆಯ ಹೆಸರನ್ನು ಹೊತ್ತಿರುವಾಗ, ರಾಜ್ಯ ಸರ್ಕಾರವು ಅದರ ತಿದ್ದುಪಡಿಯಾಗುವವರೆಗಾದರೂ ಕಾಯಬಹುದಿತ್ತು.