ಪಂಚೆ ಒಣಗುವಷ್ಟರಲ್ಲಿ

ನಾನು ಲೇಖನ ಮುಗಿಸುವುದಕ್ಕಿಂತ ಮೊದಲೇ ನೆಟ್ಟ ಅಡಿಕೆ ಸಸಿ ಫಸಲು ಕೊಡುತ್ತದೆ. ಮೊದಲ ವಾಕ್ಯಕ್ಕೆ ‘ಆದರೆ’ ಹೊಂದುತ್ತದೋ ‘ಆದರೂ’ ಹೊಂದುತ್ತದೋ ಎಂದು ಬೆಳಗಿನ ಕಾಫಿಯಿಂದ ಮಧ್ಯಾಹ್ನದ ಸಾರಿನವರೆಗೆ ತೂಗಿ, ಊಟವಾದ ಮೇಲೆ ಇಡೀ ವಾಕ್ಯವನ್ನೇ ಅಳಿಸುವುದು ನನ್ನ ಪದ್ಧತಿ. ದೀಪಾವಳಿ ವಿಶೇಷಾಂಕಕ್ಕೆ ಒಪ್ಪಿಕೊಂಡದ್ದು ಯುಗಾದಿಗೆ ಮುಗಿದರೆ ಪುಣ್ಯ.

ಹಾಗಾಗಿ ಕನ್ನಡದಲ್ಲಿ ಮಹಾಭಾರತ ಬರೆದ ಕುಮಾರವ್ಯಾಸ, ಅಂದರೆ ಗದುಗಿನ ನಾರಣಪ್ಪನ ಮೇಲೆ ನನಗೆ ಭಕ್ತಿಗಿಂತ ಹೊಟ್ಟೆಕಿಚ್ಚೇ ಹೆಚ್ಚು. ಹಲಗೆ ಬಳಪ ಹಿಡಿಯಲಿಲ್ಲ, ಇಟ್ಟ ಪದ ಅಳಿಸಲಿಲ್ಲ ಎಂದು ಪೀಠಿಕೆಯಲ್ಲೇ ಹೇಳಿಕೊಂಡ ಪುಣ್ಯಾತ್ಮ. ಅದೂ ಭಾಮಿನಿ ಷಟ್ಪದಿಯಲ್ಲಿ, 3-4, 3-4 ಎಂದು ಮಾತ್ರೆ ಕೂಡಿಸಿಕೊಂಡು, ಆದಿಪ್ರಾಸ ತಪ್ಪದೆ! ವೀರನಾರಾಯಣನ ಗುಡಿಯಲ್ಲಿ ಮಿಂದು, ಒದ್ದೆಬಟ್ಟೆಯಲ್ಲೇ ಕಂಬಕ್ಕೊರಗಿ ಕೂತರೆ, ಬಟ್ಟೆ ಆರುವವರೆಗಷ್ಟೇ ಕಾವ್ಯ ಹರಿಯುತ್ತಿತ್ತಂತೆ. ಇದು ಐತಿಹ್ಯ. ಕೇಳಿದವರೆಲ್ಲ ದೈವಕೃಪೆ ಎಂದು ಕೈಮುಗಿಯುತ್ತಾರೆ. ನನಗೆ ಕಂಡದ್ದು ಡೆಡ್‌ಲೈನ್. ಆ ಬಯಲುಸೀಮೆಯ ಬಿಸಿಲಿಗೆ ಬಟ್ಟೆ ಎಷ್ಟು ಹೊತ್ತು ಹಸಿಯಾಗಿದ್ದೀತು? ಅಳಿಸುತ್ತ ಕೂರಲು ಪುರುಸೊತ್ತಾದರೂ ಎಲ್ಲಿ?

ನಾನೂ ಪ್ರಯೋಗಕ್ಕಿಳಿದೆ. ಒದ್ದೆ ಪಂಚೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದೇ ತಡ, “ಹೊಸ ಕುಶನ್ನು! ಏಳ್ರೀ ಮೇಲೆ” ಎಂದಳು ಹೆಂಡತಿ. ಸರಿ, ಪಂಚೆ ಜಗಲಿಯ ತಂತಿಗೆ, ನಾನು ಒಣ ಲುಂಗಿಯಲ್ಲಿ ಕಿಟಕಿಯ ಪಕ್ಕಕ್ಕೆ. ಆದರೆ ನಮ್ಮೂರು ಸಾಗರ, ತಿಂಗಳು ಆಷಾಢ. ಸೋಮವಾರ ಹರವಿದ ಪಂಚೆ ಗುರುವಾರವೂ ಹಿಂಡಿದರೆ ನೀರು. ಅಷ್ಟರಲ್ಲಿ ‘ಆದರೆ’ ಹೋಗಿ ‘ಆದರೂ’ ಬಂದಿತ್ತು, ‘ಆದರೂ’ ಹೋಗಿ ‘ಆದಾಗ್ಯೂ’ ಬಂದಿತ್ತು. (‘ಆದಾಗ್ಯೂ’ ಬಂತೆಂದರೆ ಲೇಖನ ಸತ್ತಂತೆಯೇ.) ವಾಷಿಂಗ್ ಮೆಷಿನ್ನಿನ ಡ್ರೈಯರ್‌ಗೆ ಹಾಕಿದರೆ, ಶೀರ್ಷಿಕೆ ಟೈಪಿಸುವಷ್ಟರಲ್ಲಿ ಬೀಪ್ ಎಂದಿತು.

ಕೊನೆಗೆ ಬಚ್ಚಲೊಲೆಯ ಮೇಲಿನ ಹಗ್ಗ ಕೈಹಿಡಿಯಿತು. ಹೊಗೆವಾಸನೆ ಹೊಡೆದರೇನು, ಒಂದು ಮಧ್ಯಾಹ್ನದೊಳಗೆ ಒಣಗುತ್ತದೆ. ಅಮ್ಮ “ಆಯ್ತು, ತಗೋ” ಎಂದು ಕೂಗಿದ್ದೇ, ಎಲ್ಲಿದ್ದೆನೋ ಅಲ್ಲಿಗೇ ನಿಲ್ಲಿಸಿ, ಓದಿಯೂ ನೋಡದೆ ಸಂಪಾದಕರಿಗೆ ಕಳಿಸಿಬಿಟ್ಟೆ. ದೀಪಾವಳಿಯ ಲೇಖನ, ಆಷಾಢದಲ್ಲಿ! ಮನೆಯವರು ನನ್ನ ಹಣೆ ಮುಟ್ಟಿ ನೋಡಿದರು.

ಸಂಜೆ ಸಂಪಾದಕರ ಫೋನ್. “ಸೊಗಸಾಗಿದೆ. ಆದರೆ ಅರ್ಧಕ್ಕೇ ನಿಂತಿದೆಯಲ್ಲ?”

“ಕುಮಾರವ್ಯಾಸನೂ 18ರಲ್ಲಿ 10 ಪರ್ವವನ್ನಷ್ಟೇ ಬರೆದದ್ದು ಸಾರ್.”

“ಗೊತ್ತು. ಉಳಿದದ್ದನ್ನು ತಿಮ್ಮಣ್ಣ ಕವಿ ಮುಗಿಸಿದ. ನಮ್ಮ ಉಪಸಂಪಾದಕರಿಗೆ ಆಗಲೇ ಹೇಳಿದ್ದೇನೆ. ಸಂಭಾವನೆಯನ್ನೂ ಅದೇ ಲೆಕ್ಕದಲ್ಲಿ ಹಂಚೋಣ.”